ಇಬ್ಬರು ಬ್ರುನ್ನರ್‌ಗಳ ಬೀಗತನ

“ಜರ್ಮನಿಯಾಗ ಬ್ರುನ್ನರ್ ಅನ್ನೋ ಮಂದಿ, ಬ್ರುನ್ನರ್ ಮನಿಗೇ ಹೆಣ್ಣ ಕೊಡ್ತಾರೇನಲೇ?”

ಚಿಕ್ಕೋಡಿ ಬಸ್ ಸ್ಟ್ಯಾಂಡ್ ಎದುರಿನ ನನ್ನ ಆಫೀಸಿಗೆ (ಒಂದು ಟೇಬಲ್, ಎರಡು ಕುರ್ಚಿ, ಮಳೆ ಬಂದರೆ ಸಾಯುವ ಒಂದು ಫೋನ್, ಇದನ್ನು ಆಫೀಸ್ ಎಂದು ಕರೆಯುವವನು ನಾನೊಬ್ಬನೇ) ಬಂದು ಕುಳಿತ ನೇಮಣ್ಣ ಕೇಳಿದ ಮೊದಲ ಪ್ರಶ್ನೆ ಇದು. ಕ್ಷೇಮ ಸಮಾಚಾರ ಇಲ್ಲ, ಚಹಾ ಹೇಳು ಎಂಬ ಮಾತಿಲ್ಲ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಉತ್ತರಕ್ಕೆ ಕಾದ.

ನನಗೆ ಉತ್ತರ ಗೊತ್ತಿರಲಿಲ್ಲ. ನಿಮಗೆ ಗೊತ್ತೇ?

ಹಾಗಾದರೆ ನನ್ನನ್ನೇ ಏಕೆ ಕೇಳಿದ? ಎರಡು ಜರ್ಮನಿಗಳು ಒಂದಾದಾಗ ಇದೇ ಅಂಕಣದಲ್ಲಿ ನಾನು ಬರೆದಿದ್ದೆ. ಏಜೆನ್ಸಿ ಸುದ್ದಿ ಓದಿ ಬರೆದದ್ದು. ಬೆಳಗಾವಿಯಿಂದ ಆಚೆ ನಾನು ನೋಡಿದ ದೂರದ ಊರು ಪುಣೆ. ಆದರೆ ನೇಮಣ್ಣನ ಊರಾದ ಜುಗೂಳದಲ್ಲಿ ಅದನ್ನು ಓದಿದವರು ನನ್ನನ್ನು ಜರ್ಮನಿಯ ವಿಷಯ ಬಲ್ಲವನೆಂದು ತೀರ್ಮಾನಿಸಿಬಿಟ್ಟಿದ್ದರು. ಅಚ್ಚಾದ ಮಾತಿಗೆ ಇಂಥ ಶಿಕ್ಷೆಯೂ ಇರುತ್ತದೆ.

ನೇಮಣ್ಣ ನನ್ನ ಹೈಸ್ಕೂಲು ಗೆಳೆಯ. ಅಥಣಿ ತಾಲೂಕಿನ ಜುಗೂಳದಲ್ಲಿ, ಕೃಷ್ಣೆಯ ದಂಡೆಯ ಮೇಲೆ ಕಬ್ಬು ಬೆಳೆಯುವ ಜೈನ ರೈತ. ಪೂರ್ತಿ ಹೆಸರು ನೇಮಣ್ಣ ಭರಮಪ್ಪ ಬ್ರುನ್ನರ್.

ಹೌದು, ಬ್ರುನ್ನರ್. ಅಪ್ಪಟ ಜರ್ಮನ್ ಅಡ್ಡಹೆಸರು. ನೇಮಣ್ಣನ ಮನೆಗೆ ಜರ್ಮನಿಯಿಂದ ಯಾರೂ ಬಂದಿಲ್ಲ, ಇಲ್ಲಿಂದ ಯಾರೂ ಹೋಗಿಲ್ಲ. ಬಂದದ್ದು ಒಂದು ಇಂಜಿನ್ ಮಾತ್ರ.

ನಮ್ಮ ಕಡೆಯ ಅಡ್ಡಹೆಸರುಗಳ ಬಗ್ಗೆ ಓದುಗರಿಗೆ ನಾನು ಹೇಳಬೇಕಾದದ್ದು ಹೊಸತೇನಲ್ಲ. ಮೆಣಸಿನಕಾಯಿ ಎಂಬವರು ಇದ್ದಾರೆ, ಉಳ್ಳಾಗಡ್ಡಿ ಎಂಬವರು ಇದ್ದಾರೆ. ಅಜ್ಜ ಏನು ಮಾರಿದ, ಏನು ಕೊಂಡ, ಯಾವ ಗಿಡದ ಕೆಳಗೆ ಮನೆ ಕಟ್ಟಿದ ಎಂಬುದೇ ಮೊಮ್ಮಗನ ಅಡ್ಡಹೆಸರು. ಊರು ಕರೆದದ್ದನ್ನು ಶಾಲೆಯ ಹೆಡ್‌ಮಾಸ್ತರರು ರಜಿಸ್ಟರಿನಲ್ಲಿ ಬರೆದರೆ ಮುಗಿಯಿತು. ಒಬ್ಬ ತಂದೆಯ ಇಬ್ಬರು ಮಕ್ಕಳಿಗೆ ಎರಡು ಅಡ್ಡಹೆಸರು ಇರುವ ಮನೆ ನನಗೇ ಮೂರು ಗೊತ್ತು. ಅಣ್ಣ ಶಾಲೆಗೆ ಸೇರುವಾಗ ಒಬ್ಬ ಮಾಸ್ತರು, ತಮ್ಮ ಸೇರುವಾಗ ಇನ್ನೊಬ್ಬರು. ಅಷ್ಟೇ ಕಾರಣ.

ನೇಮಣ್ಣನ ಅಜ್ಜ ಜಿನಪ್ಪನವರು ಎರಡನೆಯ ಮಹಾಯುದ್ಧಕ್ಕೂ ಮುಂಚೆ ಮಿರಜಿನ ಏಜೆಂಟರೊಬ್ಬರಿಂದ ಆಯಿಲ್ ಇಂಜಿನ್ ತಂದು ನದಿಯ ದಂಡೆಗೆ ಕೂರಿಸಿದರು. ಎತ್ತು ಹೂಡಿ, ತೊಗಲಿನ ಮೊಟೆಯಿಂದ ನೀರೆತ್ತುತ್ತಿದ್ದ ಕಾಲ. ಎತ್ತಿಲ್ಲದೆ ನೀರು ಮೇಲೆ ಬಂದದ್ದನ್ನು ನೋಡಲು ನದಿಯಾಚೆಯ ಹಳ್ಳಿಗಳಿಂದಲೂ ಜನ ಬಂದರಂತೆ. ಇಂಜಿನ್ನಿನ ಹೊಟ್ಟೆಯ ಮೇಲೆ ಹಿತ್ತಾಳೆ ತಗಡು. ತಗಡಿನ ಮೇಲೆ ಅದನ್ನು ತಯಾರಿಸಿದವನ ಹೆಸರು, ಬ್ರುನ್ನರ್. ಒಂದು ಮಳೆಗಾಲ ಕಳೆಯುವುದರೊಳಗೆ ಜಿನಪ್ಪನ ಮನೆ ‘ಬ್ರುನ್ನರ್ ಮನಿ’ ಆಯಿತು. ನೇಮಣ್ಣ ಶಾಲೆಗೆ ಸೇರಿದಾಗ ಮಾಸ್ತರರು ಅದನ್ನೇ ಬರೆದುಕೊಂಡರು. ನಮ್ಮ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಆ ಹೆಸರಿಗೆ ಯಾರೂ ನಕ್ಕದ್ದು ನೆನಪಿಲ್ಲ. ಪಕ್ಕದಲ್ಲಿ ಉಳ್ಳಾಗಡ್ಡಿ ಕುಳಿತಿರುವಾಗ ಬ್ರುನ್ನರ್ ಏನು ಮಹಾ?

ಈಗ ಸಮಸ್ಯೆಗೆ ಬರುತ್ತೇನೆ.

ನೇಮಣ್ಣನ ಮಗಳು ಸುನಂದಾ. ಟಿ.ಸಿ.ಎಚ್. ಮುಗಿಸಿದ್ದಾಳೆ, ರಾಯಬಾಗ ತಾಲೂಕಿನಲ್ಲಿ ಪ್ರಾಥಮಿಕ ಶಾಲೆಯ ಕೆಲಸಕ್ಕೆ ಆದೇಶ ಬಂದಿತ್ತು. ಅದೇ ತಾಲೂಕಿನ ಮುಗಳಖೋಡದ ಅಪ್ಪಾಸಾಬ ಎಂಬವರ ಮಗ ಅಜಿತನ ಜೊತೆ ಮದುವೆ ಗೊತ್ತಾಗಿತ್ತು. ಹುಡುಗ ದನದ ದವಾಖಾನೆಯಲ್ಲಿ ಸ್ಟಾಕ್‌ಮನ್. ಅವರೂ ಜೈನರು, ಬೇಸಾಯದವರು. ಹುಡುಗ ಹುಡುಗಿ ಒಪ್ಪಿದರು. ಸಾಖರಪುಡಾ (ನಮ್ಮ ಗಡಿ ಕಡೆಯ ನಿಶ್ಚಿತಾರ್ಥ) ಮುಗಿಯಿತು. ಎರಡು ಸಲ ಊಟ, ನಾಲ್ಕು ಸಲ ಚಹಾ ಆಯಿತು. ಇಷ್ಟೆಲ್ಲ ಆದರೂ ಯಾರೂ ಯಾರ ಅಡ್ಡಹೆಸರನ್ನೂ ಕೇಳಲಿಲ್ಲ. ಇವರು ಅವರಿಗೆ ‘ಜುಗೂಳದವರು’, ಅವರು ಇವರಿಗೆ ‘ಮುಗಳಖೋಡದವರು’.

ಸಂಗತಿ ಬಯಲಾದದ್ದು ಪ್ರೆಸ್ಸಿನಲ್ಲಿ. ಲಗ್ನಪತ್ರಿಕೆ ಅಚ್ಚು ಹಾಕುವವನು ಎರಡೂ ಕಡೆಯ ಚೀಟಿ ಎದುರಿಗಿಟ್ಟುಕೊಂಡು, ಬರೆಯುವಾಗ ಏನಾದರೂ ತಪ್ಪಾಗಿದೆಯೇ ಎಂದು ಕೇಳಿಕಳಿಸಿದ. ಹುಡುಗಿಯೂ ಬ್ರುನ್ನರ್, ಹುಡುಗನೂ ಬ್ರುನ್ನರ್.

ತಪ್ಪಾಗಿರಲಿಲ್ಲ. ಮಿರಜಿನ ಆ ಏಜೆಂಟರು ಒಂದೇ ಇಂಜಿನ್ ಮಾರಿದ್ದರೆಂದು ಯಾರು ಹೇಳಿದರು? ಮುಗಳಖೋಡದ ಅಪ್ಪಾಸಾಬರ ತಂದೆಯೂ ಒಂದು ತಂದು ಬಾವಿಗೆ ಕೂರಿಸಿದ್ದರು. ಅಲ್ಲೂ ಹಿತ್ತಾಳೆ ತಗಡು, ಅಲ್ಲೂ ಹೆಡ್‌ಮಾಸ್ತರು.

ಎರಡು ಊರು, ಎರಡು ಇಂಜಿನ್, ಒಂದು ಅಡ್ಡಹೆಸರು. ನಗುವ ವಿಷಯವಲ್ಲವೇ?

ಜುಗೂಳದಲ್ಲಿ ಯಾರೂ ನಗಲಿಲ್ಲ. ನೇಮಣ್ಣನ ಮನೆಯ ಹಿರಿಯರು ದೇವಪ್ಪಕಾಕಾ, ತಂದೆಯ ತಮ್ಮ. ಎಂಬತ್ತರ ಹತ್ತಿರದ ವಯಸ್ಸು. ಆ ಮನೆಯಲ್ಲಿ ಅವರು ಹೂಂ ಎನ್ನದೆ ಎಮ್ಮೆಯನ್ನೂ ಕೊಂಡಿಲ್ಲ. ಒಂದೇ ಅಡ್ಡಹೆಸರಿನ ಮನೆಗಳ ನಡುವೆ ನಮ್ಮಲ್ಲಿ ಕೊಟ್ಟು ತರುವುದಿಲ್ಲ, ಅದು ಅಣ್ಣತಮ್ಮಕಿ, ಹುಡುಗ ಹುಡುಗಿ ಅಣ್ಣತಂಗಿ ಆಗುತ್ತಾರೆ ಎಂದು ಅವರು ಲಗ್ನ ನಿಲ್ಲಿಸಿದರು. ಮುಹೂರ್ತಕ್ಕೆ ಐದು ವಾರ ಉಳಿದಿತ್ತು.

ಸುನಂದಾ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲವಂತೆ. ಮೂರನೆಯ ದಿನ ಅಪ್ಪನಿಗೆ ಒಂದೇ ಮಾತು ಹೇಳಿದಳು: ಇದಾಗದಿದ್ದರೆ ಇನ್ನೊಂದು ಗಂಡು ನೋಡುವ ಕಷ್ಟ ತೆಗೆದುಕೊಳ್ಳಬೇಡಿ, ನಾನು ನೌಕರಿ ಮಾಡಿಕೊಂಡು ಇರುತ್ತೇನೆ. ನೇಮಣ್ಣನಿಗೆ ಮಗಳ ಹಟ ಗೊತ್ತು. ಅದಕ್ಕೇ ಬಸ್ಸು ಹತ್ತಿ ಚಿಕ್ಕೋಡಿಗೆ ಬಂದಿದ್ದ.

ಅವನ ಲೆಕ್ಕಾಚಾರ ಹೀಗಿತ್ತು. ಹೆಸರು ಜರ್ಮನಿಯದು. ಆ ಹೆಸರಿನ ರೀತಿ ರಿವಾಜು ಅಲ್ಲಿಯವರಿಗೇ ಗೊತ್ತು. ಅಲ್ಲಿ ಬ್ರುನ್ನರ್ ಬ್ರುನ್ನರ್ ನಡುವೆ ಲಗ್ನ ನಡೆಯುತ್ತದೆ ಎಂದು ತೋರಿಸಿದರೆ ಕಾಕಾ ಒಪ್ಪಿಯಾರು.

ಇದು ತರ್ಕವೋ ಅಲ್ಲವೋ ನನಗೆ ಇಂದಿಗೂ ತಿಳಿದಿಲ್ಲ. ಆ ದಿನ ಮಾತ್ರ ಸರಿಯೆಂದೇ ಕಂಡಿತು.

ಮೊದಲು ನಿಪ್ಪಾಣಿಗೆ ಹೋಗಿ ಕಾಲೇಜಿನ ಲೈಬ್ರರಿಯಲ್ಲಿ ಇಂಗ್ಲಿಷ್ ವಿಶ್ವಕೋಶದ ಧೂಳು ಕೊಡವಿದೆ. ಬ್ರುನ್ನರ್‌ಗಳು ಸಾಲಾಗಿ ನಿಂತಿದ್ದರು. ಒಬ್ಬ ಚಿತ್ರಕಾರ. ಒಬ್ಬ ಗಣಿತದವನು. ಒಬ್ಬ ಪಾಚಿಗಳ ಬಗ್ಗೆಯೇ ಬದುಕು ಸವೆಸಿದ ವಿಜ್ಞಾನಿ. ಒಬ್ಬ ಯಾವುದೋ ಸಣ್ಣ ಸಂಸ್ಥಾನದ ಮಂತ್ರಿ. ಪ್ರತಿಯೊಬ್ಬನ ಹುಟ್ಟು ಸಾವು, ತಂದೆಯ ಕಸುಬು ಇತ್ತು. ಯಾರು ಯಾರಿಗೆ ಏನಾಗಬೇಕು ಎಂಬುದರ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆಯೇ ಅದು. ಸಾವಿರ ಪುಟದ ಪುಸ್ತಕಕ್ಕೆ ಅದು ಹೊಳೆದಿರಲಿಲ್ಲ.

ಆಮೇಲೆ ನೆನಪಾದದ್ದು ಉಗಾರ ಖುರ್ದ. ಅಲ್ಲಿಯ ಸಕ್ಕರೆ ಕಾರ್ಖಾನೆಗೆ ಹೊಸ ಯಂತ್ರ ಜೋಡಿಸಲು ಒಬ್ಬ ಜರ್ಮನ್ ಎಂಜಿನಿಯರ್ ಬಂದಿದ್ದರು. ಪರಿಚಯದವರ ಮೂಲಕ ಹೇಳಿಕಳಿಸಿದೆ: ಜುಗೂಳದ ಬ್ರುನ್ನರ್ ಕುಟುಂಬದವರು ಭೇಟಿಯಾಗಬೇಕೆಂದಿದ್ದಾರೆ.

ಸಂದೇಶದಲ್ಲಿ ಸುಳ್ಳಿರಲಿಲ್ಲ. ಆದರೆ ಅದನ್ನು ಓದಿದ ಎಂಜಿನಿಯರ್ ಏನು ತಿಳಿದುಕೊಂಡಿರಬಹುದು ಎಂದು ನಾನು ಯೋಚಿಸಲಿಲ್ಲ. ಮೂರು ತಿಂಗಳಿಂದ ತನ್ನ ಭಾಷೆ ಕೇಳದ ಮನುಷ್ಯ. ನದಿದಂಡೆಯ ಹಳ್ಳಿಯಲ್ಲಿ ತನ್ನ ದೇಶದ ಮನೆತನವೊಂದು ನೆಲೆಸಿದೆಯೆಂದು ನಂಬಿ, ಕ್ಷೌರ ಮಾಡಿಸಿಕೊಂಡು, ಕೋಟು ಹಾಕಿಕೊಂಡು, ಚಾಕಲೇಟಿನ ಡಬ್ಬಿ ಹಿಡಿದು ಗೆಸ್ಟ್ ಹೌಸಿನ ಮೆಟ್ಟಿಲ ಮೇಲೆ ನಿಂತಿದ್ದರು. ಎದುರಿಗೆ ಬಂದದ್ದು ಧೋತರ, ಬಿಳಿ ಟೋಪಿ, ಕೈಯಲ್ಲಿ ಬೆಲ್ಲದ ಪೆಂಟಿ ಹಿಡಿದ ನೇಮಣ್ಣ. ಅವರು ನೇಮಣ್ಣನ ಬೆನ್ನ ಹಿಂದೆ ನೋಡಿದರು. ಅಲ್ಲಿ ನಾನಿದ್ದೆ. ನನ್ನ ಹಿಂದೆಯೂ ನೋಡಿದರು.

ಪರಿಚಯ ಮಾಡಿಕೊಟ್ಟೆ. ಚಾಕಲೇಟಿಗೂ ಬೆಲ್ಲಕ್ಕೂ ಅದಲುಬದಲಾಯಿತು. ಸುತ್ತು ಬಳಸಿ ವಿಷಯ ಹೇಳಲು ಅರ್ಧ ಗಂಟೆ ಹಿಡಿಯಿತು, ಯಾಕೆಂದರೆ ಅಡ್ಡಹೆಸರು ತಗಡಿನಿಂದ ಬಂತು ಎಂಬಲ್ಲಿಗೆ ಅವರು ಮೂರು ಸಲ ನಿಲ್ಲಿಸಿ ಮತ್ತೆ ಕೇಳಿದರು. ಕೊನೆಗೆ ಸ್ಟೋರ್ಸಿನಿಂದ ಒಂದು ದಪ್ಪ ಪುಸ್ತಕ ತರಿಸಿದರು. ಬಿಡಿಭಾಗ ತರಿಸಲು ಇಟ್ಟುಕೊಂಡ ಜರ್ಮನ್ ಕಂಪನಿಗಳ ಡೈರೆಕ್ಟರಿ. ಬ್ರುನ್ನರ್ ಎಂಬಲ್ಲಿ ಬೆರಳಿಟ್ಟು ಓದಿದರು. ಬ್ರೆಡ್ಡಿನ ಒಲೆ ಮಾಡುವ ಬ್ರುನ್ನರ್. ಚರ್ಚಿನ ಗಂಟೆ ಎರಕ ಹೊಯ್ಯುವ ಬ್ರುನ್ನರ್. ಕನ್ನಡಕದ ಬ್ರುನ್ನರ್, ಶವಪೆಟ್ಟಿಗೆಯ ಬ್ರುನ್ನರ್, ಬಿಯರಿನ ಬ್ರುನ್ನರ್.

ಇಂಜಿನ್ ಮಾಡುವ ಬ್ರುನ್ನರ್ ಅದರಲ್ಲಿ ಇರಲಿಲ್ಲ. ಬಾಗಿಲು ಹಾಕಿ ಬಹಳ ವರ್ಷವಾಗಿರಬೇಕು ಎಂದರು. ನೇಮಣ್ಣನ ಮುಖ ಸಪ್ಪಗಾಯಿತು. ಸ್ವಂತದವರು ಯಾರೋ ಹೋದ ಸುದ್ದಿ ಕೇಳಿದಂತೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

ಇವರೆಲ್ಲ ಒಂದೇ ಮನೆಯವರೇ ಎಂದು ಕೇಳಿದೆ. ಅಲ್ಲ ಎಂದರು. ಅವರ ಓಣಿಯಲ್ಲೇ ಮೂವರು ಬ್ರುನ್ನರ್ ಇದ್ದಾರಂತೆ, ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಸೈಕಲ್ ಅಂಗಡಿ, ಒಬ್ಬ ಪೋಸ್ಟಿನವನು. ಯಾರಿಗೆ ಯಾರೂ ಏನೂ ಅಲ್ಲ. ಅವರ ಭಾಷೆಯಲ್ಲಿ ಬ್ರುನ್ನೆನ್ ಎಂದರೆ ಬಾವಿ, ಹಿಂದೊಮ್ಮೆ ಬಾವಿಯ ಹತ್ತಿರ ವಾಸಿಸುತ್ತಿದ್ದವನನ್ನು ಊರು ಹಾಗೆ ಕರೆಯಿತು, ಬಾವಿ ಇಲ್ಲದ ಊರು ಯಾವುದಿದೆ, ಹೀಗಾಗಿ ದೇಶದ ತುಂಬ ಆ ಹೆಸರು ಎಂದು ವಿವರಿಸಿದರು.

ಇದನ್ನು ಕನ್ನಡದಲ್ಲಿ ಹೇಳಿದಾಗ ನೇಮಣ್ಣ ಥಟ್ಟನೆ ಚುರುಕಾದ. ನಮ್ಮ ಇಂಜಿನ್ ಇದ್ದದ್ದು ನದಿಗೆ, ಬಾವಿಗೆ ಕೂರಿಸಿದವರು ಮುಗಳಖೋಡದವರು, ಅಂದರೆ ಖರೆ ಬ್ರುನ್ನರ್ ಅವರು, ನಾವಲ್ಲ, ಇದನ್ನು ಸಾಹೇಬರಿಂದ ಬರೆಸಿಕೊಳ್ಳಲೇ ಎಂದು ಕೇಳಿದ. ಬೇಡ ಎಂದೆ.

ಮದುವೆಯ ಪ್ರಶ್ನೆಗೆ ಎಂಜಿನಿಯರ್ ಉತ್ತರ ಚಿಕ್ಕದಾಗಿತ್ತು. ಹುಡುಗ ಹುಡುಗಿ ಒಪ್ಪಿದರೆ ಸಾಕು, ಹೆಸರು ಯಾರೂ ನೋಡುವುದಿಲ್ಲ.

ಇಷ್ಟನ್ನು ಹೊತ್ತುಕೊಂಡು ಜುಗೂಳಕ್ಕೆ ಹೋದೆವು. ದೇವಪ್ಪಕಾಕಾ ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಗಂಟೆಯ ಬ್ರುನ್ನರ್, ಬಿಯರಿನ ಬ್ರುನ್ನರ್ ಬಂದಾಗ ತಲೆ ಅಲ್ಲಾಡಿಸಿದರು. ಹೆಂಡ ಮಾಡುವವರ ಹೆಸರು ನಮ್ಮ ಮನೆಗೆ ಯಾಕೆ ಬಂತು ಎಂಬ ಹೊಸ ಚಿಂತೆ ಅವರಿಗೆ ಹತ್ತಿತೋ ಎಂದು ನನಗೆ ಭಯವಾಯಿತು. ಹುಡುಗ ಹುಡುಗಿ ಒಪ್ಪಿದರೆ ಸಾಕು ಎಂಬ ಮಾತಿಗೆ, ಅಲ್ಲಿ ನೋಡುವುದಿಲ್ಲ ಎಂದರೆ ಅಲ್ಲಿ ಪದ್ಧತಿ ಇಲ್ಲ ಎಂದಾಯಿತು, ಪದ್ಧತಿ ಇಲ್ಲದವರನ್ನು ಕೇಳಿ ನಾವು ಪದ್ಧತಿ ಬಿಡುವುದೇ ಎಂದರು.

ನಾನು ಕೊನೆಯ ಅಸ್ತ್ರ ತೆಗೆದೆ. ಕಾಕಾ, ಇದು ರಕ್ತದ ಹೆಸರಲ್ಲ, ಇಂಜಿನ್ನಿನ ಹೆಸರು. ಇಬ್ಬರು ಒಂದೇ ಅಂಗಡಿಯ ಸಾಮಾನು ಕೊಂಡರೆ ಅಣ್ಣತಮ್ಮಂದಿರು ಆಗುತ್ತಾರೆಯೇ?

ಅವರು ನನ್ನ ಕಡೆ ತಿರುಗಿದರು.

“ಇಂಜಿನ್ ತುಕ್ಕ ಹಿಡದು ಮೋಡಕಾಗಿ ಹೋಗಿ ಇಪ್ಪತ್ತ ವರ್ಷ ಆತು. ಹೆಸರ ಮನ್ಯಾಗ ಉಳದೈತಿ. ಅದ ಹೆಸರಿನ್ಯಾಗ ನಮ್ಮಣ್ಣನ ತಿಥಿ ಆಗೇತಿ, ಇವನ ಲಗ್ನ ಆಗೇತಿ, ಈ ಹುಡುಗಿ ಹುಟ್ಟೇತಿ. ಇವತ್ತ ಬಂದ ನೀವು ಅದು ಬರೇ ಇಂಜಿನ್ ಅಂತೀರಿ. ಹಂಗಾರ ಇಷ್ಟ ದಿನ ನಾವ್ಯಾರ?”

ಇದಕ್ಕೆ ಏನು ಹೇಳುತ್ತೀರಿ? ಹೊರಗೆ ಬಿಸಿಲು ಇಳಿಯುತ್ತಿತ್ತು. ಸೂರ್ಯ ಮುಳುಗುವ ಮೊದಲು ಊಟವಾಗಬೇಕಾದ ಮನೆ, ಕಾಕಾ ಎದ್ದು ಒಳಗೆ ಹೋದರು. ಚರ್ಚೆ ಅಲ್ಲಿಗೆ ಮುಗಿಯಿತು.

ಬಾಗಿಲ ಬಳಿ ಸುನಂದಾ ನಿಂತಿದ್ದಳು. ಅಳುತ್ತಿರಲಿಲ್ಲ. ಇಂಜಿನ್ ಬರುವುದಕ್ಕಿಂತ ಮೊದಲು ನಮಗೆ ಅಡ್ಡಹೆಸರು ಇರಲೇ ಇಲ್ಲವೇ ಎಂದು ಕೇಳಿದಳು.

ಅಷ್ಟು ಸರಳವಾದ ಪ್ರಶ್ನೆ ವಿಶ್ವಕೋಶವನ್ನೇ ತಿರುವಿದ ನನಗೆ ಹೊಳೆದಿರಲಿಲ್ಲ.

ಮರುದಿನವೇ ಜುಗೂಳದ ಶಾಲೆಗೆ ಹೋದೆ. ಹೆಡ್‌ಮಾಸ್ತರರು ಪರಿಚಯದವರು. ಹಳೆಯ ದಾಖಲಾತಿ ರಜಿಸ್ಟರು ಗೆದ್ದಲು ತಿನ್ನದೆ ಉಳಿದದ್ದೇ ಪುಣ್ಯ. ಇಂಜಿನ್ ಬರುವುದಕ್ಕಿಂತ ಎಷ್ಟೋ ವರ್ಷ ಮುಂಚಿನ ಪುಟದಲ್ಲಿ, ಕಂದು ಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ ಒಂದು ಹೆಸರು: ದೇವಪ್ಪ ಜಿನಪ್ಪ ಚೌಗಲೆ.

ಸಾಕ್ಷಾತ್ ದೇವಪ್ಪಕಾಕಾ.

ಅವರನ್ನು ಶಾಲೆಗೇ ಕರೆದುಕೊಂಡು ಬಂದೆವು. ಅವರು ಓದಿದ್ದು ಎರಡೇ ವರ್ಷ. ಮಾಸ್ತರು ಏನು ಬರೆದುಕೊಂಡಿದ್ದಾರೋ ಅವರಿಗೆ ತಿಳಿದಿರಲಿಲ್ಲ. ಹಳೇ ಮಂದಿ ಯಾವಾಗಲೋ ಚೌಗಲಕಿ ಎನ್ನುತ್ತಿದ್ದದ್ದು ನೆನಪಿದೆ, ಅದು ಊರ ಗೌಡನ ಕೈಕೆಳಗಿನ ಚಾಕರಿ, ಅಡ್ಡಹೆಸರೆಂದು ಗೊತ್ತಿರಲಿಲ್ಲ ಎಂದರು. ಕನ್ನಡಕ ಏರಿಸಿ, ಪುಟಕ್ಕೆ ಮುಖ ತಂದು, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ತಾವೇ ಓದಿಕೊಂಡರು. ಎರಡು ಸಲ ಓದಿದರು. ಹೆಡ್‌ಮಾಸ್ತರರು ಕುರ್ಚಿ ಕೊಟ್ಟರೂ ಕೂರಲಿಲ್ಲ. ಶಾಲೆಯಲ್ಲಿ ಅವರು ಕುರ್ಚಿಯ ಮೇಲೆ ಕುಳಿತವರಲ್ಲ.

ಕಾಗದದಲ್ಲಿ ಇದೆ ಎಂದ ಮೇಲೆ ಆಯಿತು ಎಂದರು. ನಾವು ಚೌಗಲೆ, ಅವರು ಬ್ರುನ್ನರ್, ಬೀಗತನಕ್ಕೆ ಅಡ್ಡಿಯಿಲ್ಲ. ನೇಮಣ್ಣ ಶಾಲೆಯ ಮಕ್ಕಳಿಗೆಲ್ಲ ಪೇಢೆ ಹಂಚಿದ.

ಅಂಕಣ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯದ ಹಾಗೆ ಮಾಡಿದವನು ನಾನೇ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುತ್ತ ಬೆಳೆದವನು. ಒಂದೇ ಕಡೆಯ ಮಾತನ್ನು ಅಚ್ಚಿಗೆ ಕಳಿಸಬಾರದು ಎಂದು ಮೊದಲ ದಿನವೇ ಕಲಿಸಿದ್ದರು. ಜುಗೂಳದ ಕಡೆ ಖಾತ್ರಿಯಾಯಿತು, ಮುಗಳಖೋಡದ ಕಡೆ? ರಾಯಬಾಗಕ್ಕೆ ಬೇರೆ ಕೆಲಸವಿತ್ತು. ಅಲ್ಲಿಂದ ಟೆಂಪೋ ಹತ್ತಿ ಮುಗಳಖೋಡಕ್ಕೆ ಹೋದೆ. ಅಪ್ಪಾಸಾಬರು ಸಂಭ್ರಮದಿಂದ ಶಾಲೆಗೆ ಕರೆದುಕೊಂಡು ಹೋದರು. ಅವರ ತಂದೆಯ ಹೆಸರಿನ ಪುಟ ಸಿಕ್ಕಿತು.

ಚೌಗಲೆ.

ನಾನು ಎರಡು ಸಲ ಓದಿದೆ. ಅಪ್ಪಾಸಾಬರು ಓದಿದರು. ಹೆಡ್‌ಮಾಸ್ತರರು ಓದಿದರು. ಮೂವರೂ ಓದಿದ್ದು ಅದನ್ನೇ.

ಆಶ್ಚರ್ಯಪಡಬೇಕಾದ್ದು ಏನೂ ಇಲ್ಲ. ಗೌಡ ಇದ್ದ ಪ್ರತಿ ಊರಿನಲ್ಲೂ ಅವನಿಗೊಬ್ಬ ಚೌಗಲೆ ಇದ್ದ. ಊರಿಗೊಂದು ಮನೆ ಎಂದರೂ ನಮ್ಮ ಐದಾರು ತಾಲೂಕಿನಲ್ಲಿ ಎಷ್ಟಾಯಿತು? ಅವರೆಲ್ಲ ಒಂದೇ ಬಳ್ಳಿಯ ಕಾಯಿಗಳಲ್ಲ. ಇದನ್ನು ನಾನು ಜುಗೂಳಕ್ಕೆ ಹೋಗಿ ಕಾಕಾನಿಗೆ ಹೀಗೆಯೇ ವಿವರಿಸಿದೆ. ಅವರು ಕೇಳಿಸಿಕೊಂಡದ್ದು ಒಂದೇ ಶಬ್ದ. ಈಗ ಹೊಸ ಹೆಸರೂ ಒಂದು, ಹಳೆಯ ಹೆಸರೂ ಒಂದು. ಮೊದಲು ಇದ್ದ ಅನುಮಾನ ಈಗ ಎರಡು ಪಟ್ಟಾಯಿತು. ಒಂದು ಸಲ ಒಂದೇ ಆದರೆ ಯೋಗಾಯೋಗ ಎನ್ನಬಹುದು, ಎರಡು ಸಲ ಆಗುತ್ತದೆಯೇ ಎಂದು ಕೇಳಿದರು. ಪತ್ರಕರ್ತನಾಗಿ ನಾನೂ ಅದೇ ಪ್ರಶ್ನೆ ಕೇಳುತ್ತಿದ್ದೆ.

ಲಗ್ನ ಮತ್ತೆ ನಿಂತಿತು. ಮುಹೂರ್ತಕ್ಕೆ ಹದಿನೇಳು ದಿನ.

ಈ ಸಲ ಸುನಂದಾ ಮೌನವಾಗಿರಲಿಲ್ಲ. ಅಂಗಳದಲ್ಲಿ ನಾನು ಚಪ್ಪಲಿ ಹುಡುಕುತ್ತಿದ್ದಾಗ ಎದುರಿಗೆ ಬಂದು ನಿಂತಳು.

“ಮಾಮಾ, ಮುಗಳಖೋಡಕ ಹೋಗಂತ ನಿಮಗ ಯಾರ ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸಂಪಾದಕರು, ಪೊಲೀಸರು, ಶಾಸಕರು ನನ್ನನ್ನು ಬೈದಿದ್ದಾರೆ. ತಪ್ಪು ಬರೆದದ್ದಕ್ಕೆ ಬೈದರು, ಇಲ್ಲವೇ ಬರೆಯದೆ ಬಿಟ್ಟದ್ದಕ್ಕೆ ಬೈದರು. ಸರಿಯಾದದ್ದನ್ನು ಸರಿಯಾಗಿ ಪರೀಕ್ಷಿಸಿದ್ದಕ್ಕೆ ತಲೆ ತಗ್ಗಿಸಿ ನಿಂತದ್ದು ಅದೇ ಮೊದಲು. ಆಕೆಯ ಬದುಕಿಗೆ ಬೇಕಾಗಿದ್ದದ್ದು ಒಂದೇ ಊರಿನ ರಜಿಸ್ಟರು. ನಾನು ಎರಡು ಊರಿನದು ತಂದಿದ್ದೆ.

ಚಪ್ಪಲಿ ಸಿಕ್ಕಿತು. ಹೊರಟೆ. ಆ ವಾರ ಚಿಕ್ಕೋಡಿಯಲ್ಲಿ ನಾನು ಏನು ಬರೆದೆನೋ ನೆನಪಿಲ್ಲ. ಓದಿದ್ದರೆ ನಿಮಗೂ ನೆನಪಿರಲಿಕ್ಕಿಲ್ಲ.

ನಾಲ್ಕು ದಿನದ ಮೇಲೆ ನೇಮಣ್ಣ ಫೋನ್ ಮಾಡಿ ಕರೆಸಿದ. ಹೋದಾಗ ಪಡಸಾಲೆಯಲ್ಲಿ ಮುಗಳಖೋಡದ ಅಪ್ಪಾಸಾಬರೂ ಇದ್ದರು. ಕಾಕಾ ತಮ್ಮ ಜಾಗದಲ್ಲಿದ್ದರು. ಸುನಂದಾ ಎರಡು ಕಾಗದ ಹಿಡಿದು ಅವರ ಮುಂದೆ ಕುಳಿತಿದ್ದಳು. ಒಂದು, ನಾನು ತಂದುಕೊಟ್ಟ ಜುಗೂಳದ ರಜಿಸ್ಟರಿನ ನಕಲು. ಇನ್ನೊಂದು, ಅಜಿತನ ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟು. ಅದು ಅವಳ ಕೈಗೆ ಹೇಗೆ ಬಂತೆಂದು ಯಾರೂ ಕೇಳಲಿಲ್ಲ.

“ಇದರಾಗ ನಾವು ಚೌಗಲೆ. ಇದರಾಗ ಅವ್ರು ಬ್ರುನ್ನರ್. ಎರಡೂ ಸರಕಾರಿ ಕಾಗದ ಅದಾವ ಅಜ್ಜಾ. ಲಗ್ನಪತ್ರಿಕಾದಾಗ ನಮ್ಮದು ಹಳೇದು ಹಾಕ್ರಿ, ಅವ್ರದು ಹೊಸಾದು ಹಾಕ್ರಿ. ಹೆಸರ ಬ್ಯಾರೆ ಬ್ಯಾರೆ ಆತಿಲ್ಲೋ?”

ಆಕೆ ನನ್ನ ಕಡೆ ತಿರುಗಿದಳು.

“ಇದರಾಗ ಸುಳ್ಳ ಯಾವುದೈತಿ ಹೇಳ್ರಿ ಮಾಮಾ. ನೀವು ತಪಾಸ ಮಾಡಾವ್ರು.”

ತಪಾಸಣೆ ಮಾಡಿದೆ. ಮನಸ್ಸಿನಲ್ಲೇ ಮಾಡಿದೆ, ಯಾವ ಊರಿಗೂ ಹೋಗಲಿಲ್ಲ. ಹುಡುಗಿಯ ಮನೆತನ ಚೌಗಲೆ: ನಿಜ. ಹುಡುಗನ ಮನೆತನ ಬ್ರುನ್ನರ್: ನಿಜ. ಹೆಸರು ಬೇರೆ ಬೇರೆ: ನಿಜ. ಮೂರು ನಿಜ ಸೇರಿ ಏನಾಯಿತು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ಸುಳ್ಳಿಲ್ಲ ಎಂದೆ.

ಕಾಕಾ ಎರಡೂ ಕಾಗದ ಕೈಗೆ ತೆಗೆದುಕೊಂಡರು. ಅಕ್ಕಪಕ್ಕ ಹಿಡಿದು ನೋಡಿದರು. ಅವರಿಗೆ ಎಲ್ಲ ಗೊತ್ತಿತ್ತು. ಮುಗಳಖೋಡದ ರಜಿಸ್ಟರಿನ ವಿಷಯ ಮರೆತಿರಲಿಲ್ಲ. ಮೊಮ್ಮಗಳ ಮುಖವನ್ನೂ ನೋಡಿದರು. ಮುಗಳಖೋಡದ ಶಾಲೆಯ ನಕಲು ತಂದಿದ್ದೀಯೋ ಎಂದು ನನ್ನನ್ನು ಕೇಳಿದರು. ತಂದಿಲ್ಲ, ಓದಿ ಬಂದೆ ಅಷ್ಟೇ ಎಂದೆ. ಕಾಗದವಿಲ್ಲ ಎಂದರೆ ಅದು ಬಾಯಿಮಾತು ಎಂದರು.

ನಾನು ಬಾಯಿ ತೆರೆದೆ. ಸುನಂದಾ ನನ್ನನ್ನೇ ನೋಡುತ್ತಿದ್ದಳು. ಮುಚ್ಚಿಕೊಂಡೆ. ವೃತ್ತಿಗೆ ದ್ರೋಹವಾಯಿತೋ, ವೃತ್ತಿಯಲ್ಲಿ ಮೊದಲ ಸಲ ಬುದ್ಧಿ ಬಂತೋ? ತೀರ್ಪು ನಿಮ್ಮದು.

ಲಗ್ನವಾಯಿತು. ಪತ್ರಿಕೆಯಲ್ಲಿ ಒಂದು ಕಡೆ ಚೌಗಲೆ, ಇನ್ನೊಂದು ಕಡೆ ಬ್ರುನ್ನರ್. ಎಂಟುನೂರು ಜನ ಉಂಡರು. ಎರಡೂ ಊರಿನವರಿಗೆ ಎಲ್ಲ ಗೊತ್ತಿತ್ತು, ಒಬ್ಬರೂ ಕೇಳಲಿಲ್ಲ. ಅಕ್ಕಿಕಾಳು ಬೀಳುವಾಗ ಕಾಕಾ ಮುಂದಿನ ಸಾಲಿನಲ್ಲಿದ್ದರು. ಉಗಾರದ ಎಂಜಿನಿಯರ್ ಅದೇ ಕೋಟಿನಲ್ಲಿ ಬಂದು, ಎರಡೂ ಕಡೆಯವರ ಫೋಟೋ ತೆಗೆದುಕೊಂಡು, ಇವರಲ್ಲಿ ಬ್ರುನ್ನರ್ ಯಾರು ಎಂದು ನನ್ನನ್ನು ಕೇಳಿದರು. ಊಟಕ್ಕೆ ಏಳಿ ಎಂದೆ.

ಮೊನ್ನೆ ಸೋಮವಾರ ಸುನಂದಾ ಚಿಕ್ಕೋಡಿಗೆ ಬಂದಿದ್ದಳು. ಶಾಲೆಗೆ ಹಾಜರಾಗಿ ತಿಂಗಳಾಯಿತಂತೆ. ಸರ್ವಿಸ್ ಪುಸ್ತಕದಲ್ಲಿ ಮದುವೆಯ ನಂತರದ ಹೆಸರು ದಾಖಲಾಗಬೇಕು. ಟಿ.ಸಿ.ಎಚ್. ಸರ್ಟಿಫಿಕೇಟಿನಲ್ಲಿ ಆಕೆ ಬ್ರುನ್ನರ್. ಮದುವೆಗೆ ಸಾಕ್ಷಿಯೆಂದು ಲಗತ್ತಿಸಿದ ಲಗ್ನಪತ್ರಿಕೆಯಲ್ಲಿ ಚೌಗಲೆ. ಗಂಡನ ಮನೆಯ ಹೆಸರು ಬ್ರುನ್ನರ್. ಗುಮಾಸ್ತರು ಮೂರನ್ನೂ ಎದುರಿಗಿಟ್ಟುಕೊಂಡು ಅರ್ಧ ದಿನ ಕುಳಿತರಂತೆ. ಪಾಪ, ಅವರದೇನು ತಪ್ಪು? ಮೊದಲು ಬ್ರುನ್ನರ್ ಮತ್ತು ಚೌಗಲೆ ಒಬ್ಬಳೇ ಎಂದು ಸಾಬೀತುಪಡಿಸಿ, ಆಮೇಲೆ ಚೌಗಲೆ ಬ್ರುನ್ನರ್ ಆಗಿದ್ದಾಳೆ ಎಂದು ಪೇಪರಿನಲ್ಲಿ ಪ್ರಕಟಣೆ ಕೊಡಿ ಎಂದು ಹೇಳಿ ಕಳಿಸಿದ್ದಾರೆ.

ಪ್ರಕಟಣೆ ಬರೆದುಕೊಡಲು ನಾನೇ ಬೇಕಾಗಿತ್ತು. ಕುಳಿತು ಬರೆದೆ: ಬ್ರುನ್ನರ್ ಎಂಬ ಹೆಸರಿನಿಂದ ಓದಿ, ಚೌಗಲೆ ಎಂಬ ಹೆಸರಿನಿಂದ ಮದುವೆಯಾದ ನಾನು, ಇನ್ನು ಮುಂದೆ ಬ್ರುನ್ನರ್ ಎಂಬ ಹೆಸರಿನಿಂದ ಗುರುತಿಸಿಕೊಳ್ಳುತ್ತೇನೆ. ಮೂರು ಸಲ ಓದಿದೆ. ಪ್ರತಿ ಶಬ್ದವೂ ನಿಜ. ಆದರೂ ಡೆಸ್ಕಿನವರು ಫೋನ್ ಮಾಡಿ ಕೇಳುವುದು ಖಂಡಿತ. ಅದಕ್ಕೇ ನಾನೇ ಮೊದಲು ಆಕೆಯನ್ನು ಕೇಳಿದೆ: ಹಾಗಾದರೆ ಇದರಲ್ಲಿ ಬದಲಾಗಿದ್ದಾದರೂ ಏನು?

“ಮನಿ ಬದಲಾತಲ್ರಿ ಮಾಮಾ,” ಎಂದಳು.

ಅದನ್ನು ಬರೆಯಲು ಸರ್ವಿಸ್ ಪುಸ್ತಕದಲ್ಲಿ ಕಾಲಂ ಎಲ್ಲಿದೆ?